ಕಾರಿನ ಒಳಗಿನ ಪ್ಲಾಸ್ಟಿಕ್ ಮೇಲಿನ ತರಚು ಗುರುತು: ಪರೀಕ್ಷೆ ಮೊದಲು, ಉಜ್ಜುವುದು ಅನಂತರ

ಮೈಸೂರು ನಗರದಿಂದ ಸುಮಾರು 13 ಕಿ.ಮೀ. ದೂರದ ತಿರುವು ರಸ್ತೆಯನ್ನು ಏರಿ ಚಾಮುಂಡಿ ಬೆಟ್ಟದ ವಾಹನ ನಿಲುಗಡೆಯಲ್ಲಿ ನಿಂತ ಬಾಡಿಗೆ ಕಾರೊಂದರ ಬಾಗಿಲನ್ನು ತೆರೆದು ನೋಡಿದರೆ, ಅದು ಎಷ್ಟು ದುಡಿದಿದೆ ಎಂಬುದನ್ನು ಮೀಟರು ಹೇಳುವ ಮೊದಲೇ ಒಳಗಿನ ಪ್ಲಾಸ್ಟಿಕ್ ಹೇಳುತ್ತದೆ. ಬಾಗಿಲ ಹೊಸ್ತಿಲಿನ ಪಟ್ಟಿಯ ಮೇಲೆ ಪಾದರಕ್ಷೆಗಳ ಕಪ್ಪು ಗೆರೆಗಳು. ಬಾಗಿಲ ಕೆಳಭಾಗದಲ್ಲಿ ಹಿಂದಿನ ಸೀಟಿನ ಮಕ್ಕಳು ಒದ್ದ ಗುರುತುಗಳು. ಡಿಕ್ಕಿಯ ಅಂಚಿನಲ್ಲಿ ಸೂಟ್‌ಕೇಸ್ ಎಳೆದಾಗ ಮೂಡಿದ ಬಿಳಿ ಗೀರುಗಳು. ಹಿಡಿಕೆಯ ಸುತ್ತ ಅರಿಸಿನ ಕುಂಕುಮದ ಬೆರಳಚ್ಚುಗಳು. ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಬೆಟ್ಟ ಹತ್ತುವ ಹರಕೆ ಹೊತ್ತವರು, ಇಳಿಯುವಾಗ ಕಾರನ್ನೇರುವುದು ಸಾಮಾನ್ಯ. ಹೊಸ ವಾಹನಗಳನ್ನು ಪೂಜೆಗಾಗಿ ಬೆಟ್ಟಕ್ಕೆ ತರುವ ವಾಡಿಕೆಯೂ ಇದೆ. ಆಯುಧಪೂಜೆಯ ಮರುದಿನವಂತೂ ನಗರದ ಬಹುತೇಕ ಕಾರುಗಳ ಡ್ಯಾಶ್‌ಬೋರ್ಡ್‌ಗಳು ಗಂಧ, ಕುಂಕುಮಗಳಿಂದ ಅಲಂಕೃತವಾಗಿರುತ್ತವೆ.

ಇವುಗಳನ್ನು ಅಳಿಸುವ ಕೆಲಸ ಇಂದು ಒಂದು ವ್ಯಾಪಾರ. ಕಾರು ತೊಳೆಯುವ ಅಂಗಡಿಗಳು, ಹಳೆಯ ಕಾರುಗಳ ಮಾರಾಟಗಾರರು, ಟ್ಯಾಕ್ಸಿ ಮಾಲೀಕರು, ಬಿಡಿಭಾಗಗಳ ವರ್ತಕರು, ಸ್ವಚ್ಛಕ ದ್ರಾವಣಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರು ಇದರಲ್ಲಿ ಭಾಗಿಗಳು. ಆದರೆ ಈ ಕೆಲಸದಲ್ಲಿ ಆಗುವ ನಷ್ಟಗಳಲ್ಲಿ ಬಹುಪಾಲಿಗೆ ಕಾರಣ ಒಂದೇ: ಗುರುತು ಯಾವ ಬಗೆಯದೆಂದು ಪರೀಕ್ಷಿಸದೆ, ಕೈಗೆ ಸಿಕ್ಕ ದ್ರಾವಣದಿಂದ ಬಲವಾಗಿ ಉಜ್ಜುವುದು. ರೂ. 20ರ ಸಾಮಗ್ರಿಯಿಂದ ಹೋಗಬೇಕಾದ ಗುರುತು ಈ ಆತುರದಿಂದ ಶಾಶ್ವತವಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ಪರೀಕ್ಷೆಯನ್ನೂ ಅನಂತರ ಚಿಕಿತ್ಸೆಯನ್ನೂ ಕೊನೆಯಲ್ಲಿ ವ್ಯಾಪಾರದ ಲೆಕ್ಕವನ್ನೂ ವಿವರಿಸಲಾಗಿದೆ.

ಮೂರು ಬಗೆಯ ಗುರುತುಗಳು

ಕಣ್ಣಿಗೆ ಒಂದೇ ರೀತಿ ಕಾಣುವ ತರಚು ಗುರುತುಗಳು ವಾಸ್ತವವಾಗಿ ಮೂರು ಬಗೆಯವು.

ಒಂದನೆಯದು, ಮೇಲೆ ಬಂದು ಕೂತದ್ದು. ಪಾದರಕ್ಷೆಯ ರಬ್ಬರು, ಚೀಲದ ಬಣ್ಣ, ಕುಂಕುಮ, ಎಣ್ಣೆ ಮೊದಲಾದವು ಪ್ಲಾಸ್ಟಿಕ್‌ನ ಮೇಲೆ ಅಂಟಿರುತ್ತವೆ. ಕೆಳಗಿನ ಪ್ಲಾಸ್ಟಿಕ್ ಕೆಟ್ಟಿರುವುದಿಲ್ಲ. ಇದನ್ನು ಪೂರ್ಣವಾಗಿ ತೆಗೆಯಬಹುದು.

ಎರಡನೆಯದು, ಇದ್ದಲ್ಲೇ ರೂಪ ಕೆಟ್ಟದ್ದು. ಒಳಾಂಗಣದ ಪ್ಲಾಸ್ಟಿಕ್ ಮೇಲೆ ತೊಗಲಿನಂತೆ ಕಾಣುವ ಸಣ್ಣ ಉಬ್ಬುತಗ್ಗುಗಳ ನಕ್ಷೆ ಇರುತ್ತದೆ. ಗಟ್ಟಿ ವಸ್ತು ಉಜ್ಜಿದಾಗ ಆ ಉಬ್ಬುಗಳು ಒತ್ತಿಹೋಗಿ ಹೊಳೆಯುತ್ತವೆ, ಇಲ್ಲವೆ ತರಚಿ ಬಿಳಿಚುತ್ತವೆ. ವಸ್ತು ನಷ್ಟವಾಗಿರುವುದು ಅತ್ಯಲ್ಪ. ಕೆಟ್ಟಿರುವುದು ಬೆಳಕು ಪ್ರತಿಫಲಿಸುವ ರೀತಿ. ಇದನ್ನು ಬಹುಮಟ್ಟಿಗೆ ಮರೆಸಬಹುದೇ ಹೊರತು ಎಲ್ಲ ಸಂದರ್ಭಗಳಲ್ಲಿ ಅಳಿಸಲಾಗದು.

ಮೂರನೆಯದು, ಕಿತ್ತು ಹೋದದ್ದು. ಲೋಹದ ಅಂಚು ತಾಗಿ ಆದ ಆಳವಾದ ಗಾಯ, ಅಗರಬತ್ತಿಯ ಕೆಂಡ ಬಿದ್ದು ಕರಗಿದ ಗುಳಿ ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ತೊಳೆಯುವುದರಿಂದ ಪ್ರಯೋಜನವಿಲ್ಲ. ತುಂಬಿ ಬಣ್ಣ ಹೊಡೆಯಬೇಕು, ಇಲ್ಲವೆ ಭಾಗವನ್ನೇ ಬದಲಿಸಬೇಕು.

ಬಗೆಯನ್ನು ಅರಿಯಲು ಯಂತ್ರ ಬೇಕಿಲ್ಲ. ಮೂರು ಸರಳ ಪರೀಕ್ಷೆಗಳು ಸಾಕು. ಮೊದಲು ಒದ್ದೆಯಾದ ಬಿಳಿ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಅದು ಮೇಲೆ ಕೂತ ಗುರುತು. ಎರಡನೆಯದಾಗಿ, ಗುರುತಿನ ಮೇಲೆ ಒಂದು ಹನಿ ನೀರನ್ನು ಸವರಿ ನೋಡಬೇಕು. ಬಿಳಿ ಗೀರು ಒದ್ದೆಯಾದಾಗ ಮಾಯವಾಗಿ, ಒಣಗಿದೊಡನೆ ಮರಳಿ ಕಂಡರೆ ಅದು ಮೇಲ್ಮೈಯ ಒರಟುತನದಿಂದ ಆದದ್ದು. ನೀರು ಸಣ್ಣ ತಗ್ಗುಗಳನ್ನು ತುಂಬಿ ಬೆಳಕಿನ ಚದುರುವಿಕೆಯನ್ನು ತಡೆಯುವುದರಿಂದ ಹೀಗಾಗುತ್ತದೆ. ಮೂರನೆಯದಾಗಿ, ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಎಳೆಯಬೇಕು. ಉಗುರು ಸ್ಪಷ್ಟವಾಗಿ ತಡೆದರೆ ಅದು ಕಿತ್ತು ಹೋದ ಗುರುತೆಂದು ತಿಳಿಯಬೇಕು. ಗ್ರಾಹಕನ ಎದುರಿನಲ್ಲೇ ಈ ಪರೀಕ್ಷೆ ಮಾಡಿ, ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಕೆಲಸಕ್ಕೆ ಮೊದಲೇ ತಿಳಿಸುವ ಅಂಗಡಿಗೆ ಮುಂದೆ ತಕರಾರು ಬರುವುದು ಕಡಿಮೆ.

ಪ್ಲಾಸ್ಟಿಕ್ ಯಾವುದು?

ಕಾರಿನೊಳಗೆ ಇರುವುದೆಲ್ಲ ಒಂದೇ ಪ್ಲಾಸ್ಟಿಕ್ ಅಲ್ಲ. ಬಾಗಿಲ ಒಳಫಲಕ, ಹೊಸ್ತಿಲ ಪಟ್ಟಿ, ಡಿಕ್ಕಿಯ ಅಂಚು ಇವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನಿಂದ ಆದವು. ಇದಕ್ಕೆ ಬಿಗಿ ಬರಲೆಂದು ಟಾಲ್ಕ್ ಎಂಬ ಖನಿಜದ ಪುಡಿಯನ್ನೂ, ಪೆಟ್ಟು ತಡೆಯಲೆಂದು ರಬ್ಬರನ್ನೂ ಬೆರೆಸಿರುತ್ತಾರೆ. ಕಪ್ಪು ಫಲಕದ ಮೇಲಿನ ಗೀರು ಬೆಳ್ಳಗೆ ಕಾಣುವುದಕ್ಕೆ ಈ ಟಾಲ್ಕ್ ಕೂಡ ಒಂದು ಕಾರಣ. ಹೊಳಪಿನ ಕಪ್ಪು ಪಟ್ಟಿಗಳು, ಗೇರಿನ ಸುತ್ತಲಿನ ಚೌಕಟ್ಟು ಹೆಚ್ಚಾಗಿ ಎಬಿಎಸ್ ಅಥವಾ ಎಬಿಎಸ್ ಮತ್ತು ಪಾಲಿಕಾರ್ಬೊನೇಟ್‌ನ ಮಿಶ್ರಣ. ಮೀಟರಿನ ಮೇಲಿನ ಪಾರದರ್ಶಕ ಮುಚ್ಚಳ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್‌ನದು.

ಬಿಚ್ಚಿದ ಭಾಗದ ಹಿಂಬದಿಯಲ್ಲಿ ಎರಡು ಬಾಣದ ಚಿಹ್ನೆಗಳ ನಡುವೆ ಅಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ಐಎಸ್‌ಒ 11469 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಹಾಕುವ ಈ ಗುರುತಿನಲ್ಲಿ ‘ಪಿಪಿ’ ಎಂದಿದ್ದರೆ ಪಾಲಿಪ್ರೊಪಿಲೀನ್. ಅದರ ಜೊತೆ ‘ಟಿ20’ ಎಂದಿದ್ದರೆ ನೂರಕ್ಕೆ 20 ಭಾಗ ಟಾಲ್ಕ್ ಇದೆ ಎಂದರ್ಥ. ‘ಪಿಸಿ’ ಎಂದರೆ ಪಾಲಿಕಾರ್ಬೊನೇಟ್.

ಈ ಭೇದ ತಿಳಿದಿರುವುದು ಅಗತ್ಯ. ಪಾಲಿಪ್ರೊಪಿಲೀನ್ ಅನೇಕ ದ್ರಾವಕಗಳನ್ನು ತಾಳಿಕೊಳ್ಳುತ್ತದೆ. ಎಬಿಎಸ್ ಮತ್ತು ಪಾಲಿಕಾರ್ಬೊನೇಟ್‌ಗಳನ್ನು ಅಸಿಟೋನ್ ಹಾಗೂ ಬಣ್ಣದಂಗಡಿಯ ಥಿನ್ನರ್ ನಿಮಿಷದೊಳಗೆ ಮೆತ್ತಗಾಗಿಸುತ್ತವೆ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿಯೂ ಅನೇಕ ವೇಳೆ ಅಸಿಟೋನ್ ಇರುತ್ತದೆ. ಒಂದು ಕಡೆ ಥಿನ್ನರ್‌ನಿಂದ ಕಲೆ ಹೋಯಿತೆಂದು ಇನ್ನೊಂದು ಕಡೆಯೂ ಅದನ್ನೇ ಬಳಸಿದರೆ, ಕಲೆಯ ಬದಲಿಗೆ ಅಂಟಂಟಾದ ಮಬ್ಬು ಮಚ್ಚೆ ಉಳಿಯುತ್ತದೆ. ಅದನ್ನು ಸರಿಪಡಿಸುವ ಉಪಾಯವಿಲ್ಲ.

ಮೇಲೆ ಕೂತ ಗುರುತನ್ನು ತೆಗೆಯುವ ಕ್ರಮ

ಸೌಮ್ಯವಾದುದರಿಂದ ಆರಂಭಿಸಿ ಹಂತ ಹಂತವಾಗಿ ಬಲವಾದುದಕ್ಕೆ ಹೋಗುವುದು ಇಲ್ಲಿನ ನಿಯಮ. ಪ್ರತಿ ಹಂತವನ್ನೂ ಮೊದಲು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷಿಸಬೇಕು.

1. ಒಣ ಧೂಳನ್ನು ಮೃದುವಾದ ಬ್ರಷ್ ಮತ್ತು ವ್ಯಾಕ್ಯೂಮ್ ಯಂತ್ರದಿಂದ ತೆಗೆಯಬೇಕು. ಬೆಟ್ಟದ ರಸ್ತೆಯ ಮಣ್ಣಿನಲ್ಲಿ ಮರಳಿನ ಕಣಗಳಿರುತ್ತವೆ. ಅವುಗಳ ಸಮೇತ ಒರೆಸಿದರೆ ಬಟ್ಟೆಯೇ ಉಪ್ಪುಕಾಗದದಂತೆ ಗೀರುತ್ತದೆ.

2. ಉಗುರುಬೆಚ್ಚಗಿನ ನೀರಿಗೆ ಕ್ಷಾರವಲ್ಲದ ಸೌಮ್ಯ ಶಾಂಪೂವಿನ ಕೆಲವು ಹನಿ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ ಹಿಂಡಿ ಒರೆಸಬೇಕು. ನಕ್ಷೆಯ ತಗ್ಗುಗಳಲ್ಲಿ ಕೂತ ಕೊಳೆಗೆ ಮೃದು ನೈಲಾನ್ ಬ್ರಷ್ ಉಪಯುಕ್ತ. ದ್ರವವನ್ನು ಫಲಕದ ಮೇಲೆ ನೇರವಾಗಿ ಸಿಂಪಡಿಸದೆ ಬಟ್ಟೆಗೆ ಹಾಕಿಕೊಳ್ಳಬೇಕು. ಇಲ್ಲವಾದರೆ ಕಿಟಕಿಯ ಸ್ವಿಚ್ಚುಗಳೊಳಗೆ ನೀರು ಇಳಿಯುತ್ತದೆ.

3. ಪಾದರಕ್ಷೆಯ ಕಪ್ಪು ಗೆರೆ ಉಳಿದರೆ ಶಾಲಾ ಮಕ್ಕಳು ಬಳಸುವ ಮೃದುವಾದ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ಅಂಗಡಿಯವರು ಉಪೇಕ್ಷಿಸುವ ಈ ಅಗ್ಗದ ಸಾಧನ ಹೊಸ್ತಿಲ ಪಟ್ಟಿಯ ಗುರುತುಗಳಲ್ಲಿ ಹೆಚ್ಚಿನವನ್ನು ತೆಗೆಯುತ್ತದೆ.

4. ಅದಕ್ಕೂ ಜಗ್ಗದಿದ್ದರೆ, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಸಮಪ್ರಮಾಣದ ನೀರು ಬೆರೆಸಿ, ಬಟ್ಟೆಯ ತುದಿಗೆ ತಾಗಿಸಿಕೊಂಡು ಒರೆಸಬಹುದು. ಪಾಲಿಪ್ರೊಪಿಲೀನ್ ಇದನ್ನು ತಾಳುತ್ತದೆ. ಮೀಟರಿನ ಪಾರದರ್ಶಕ ಮುಚ್ಚಳಕ್ಕೂ ಸ್ಪರ್ಶಪರದೆಗೂ ಇದನ್ನು ಹಚ್ಚಬಾರದು. ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುವ ಸಂಭವವಿದೆ. ಈ ದ್ರವ ಬೇಗ ಹೊತ್ತಿಕೊಳ್ಳುವಂಥದು. ಬಾಗಿಲುಗಳನ್ನು ತೆರೆದಿಟ್ಟು, ಅಗರಬತ್ತಿ, ಕರ್ಪೂರಗಳು ಸಮೀಪದಲ್ಲಿಲ್ಲವೆಂದು ಖಚಿತಪಡಿಸಿಕೊಂಡೇ ಬಳಸಬೇಕು.

5. ಮ್ಯಾಜಿಕ್ ಸ್ಪಂಜ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮೆಲಮೈನ್ ನೊರೆಯ ತುಂಡು ಕೊನೆಯ ಅಸ್ತ್ರ. ಅದು ರಾಸಾಯನಿಕವಲ್ಲ, ಅತಿ ನಯವಾದ ಉಪ್ಪುಕಾಗದದಂತೆ ಮೇಲ್ಮೈಯನ್ನು ಉಜ್ಜುತ್ತದೆ. ಒದ್ದೆ ಮಾಡಿ ಎರಡು ಮೂರು ಬಾರಿ ಎಳೆದು ನಿಲ್ಲಿಸಬೇಕು. ಹೊಳಪಿನ ಕಪ್ಪು ಪಟ್ಟಿಗಳ ಮೇಲೆ ಬಳಸಲೇಬಾರದು. ಹಲ್ಲುಪೇಸ್ಟಿಗೂ ಇದೇ ಮಾತು ಅನ್ವಯಿಸುತ್ತದೆ.

ಅರಿಸಿನ ಕುಂಕುಮದ ವಿಶೇಷ

ಬೆಟ್ಟದ ಕಾರುಗಳಲ್ಲಿ ಅಂಗಡಿಯವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಬಿಳಿ ಬಟ್ಟೆಯ ಮೇಲಿನ ಅರಿಸಿನದ ಕಲೆಗೆ ಸೋಪು ಹಚ್ಚಿದೊಡನೆ ಅದು ಕೆಂಪಾಗುವುದನ್ನು ಮನೆಮನೆಯಲ್ಲಿಯೂ ಕಂಡಿರುತ್ತಾರೆ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯ ಕ್ಷಾರದ ಸಂಪರ್ಕದಲ್ಲಿ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ಸಾಂಪ್ರದಾಯಿಕವಾಗಿ ಅರಿಸಿನಕ್ಕೆ ಸುಣ್ಣ ಮೊದಲಾದ ಕ್ಷಾರಗಳನ್ನು ಬೆರೆಸಿ ಕುಂಕುಮ ತಯಾರಿಸುವುದು ಈ ಗುಣದ ಬಲದಿಂದಲೇ. ಹಾಗಿರುವಾಗ, ತೆಳುಬಣ್ಣದ ಬಾಗಿಲ ಫಲಕದ ಮೇಲಿನ ಅರಿಸಿನದ ಕಲೆಗೆ ವಾಷಿಂಗ್ ಸೋಡಾ ಅಥವಾ ಬಟ್ಟೆ ತೊಳೆಯುವ ಪುಡಿಯ ದ್ರಾವಣ ಹಾಕುವುದೆಂದರೆ ಫಲಕದ ಮೇಲೆಯೇ ಕುಂಕುಮ ತಯಾರಿಸಿದಂತೆ.

ಕರ್ಕ್ಯುಮಿನ್ ನೀರಿನಲ್ಲಿ ಕರಗದು; ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಆದ್ದರಿಂದ ಪುಡಿಯನ್ನು ಮೊದಲು ಒಣಗಿದ್ದಾಗಲೇ ವ್ಯಾಕ್ಯೂಮ್‌ನಿಂದ ಎಳೆದು, ಅನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ದ್ರಾವಣದಿಂದ ಒರೆಸಬೇಕು. ಪ್ರತಿ ಒರೆತಕ್ಕೂ ಬಟ್ಟೆಯ ಹೊಸ ಭಾಗವನ್ನು ಬಳಸದಿದ್ದರೆ ಕಲೆ ಹರಡುತ್ತದೆ. ಅಷ್ಟಾದರೂ ಉಳಿದ ನಸುಹಳದಿ ಛಾಯೆಗೆ ಬಿಸಿಲೇ ಔಷಧಿ. ಕರ್ಕ್ಯುಮಿನ್ ಬೆಳಕಿಗೆ ಮಾಸುತ್ತದೆ. ಕೆಲವು ದಿನ ಬಿಸಿಲು ಬೀಳುವಂತೆ ನಿಲ್ಲಿಸಿದರೆ ಛಾಯೆ ತಾನಾಗಿ ತಗ್ಗುತ್ತದೆ. ಕೃತಕ ಬಣ್ಣ ಬೆರೆಸಿದ ಕುಂಕುಮ ಮಾತ್ರ ಇಷ್ಟು ಸುಲಭವಾಗಿ ಬಿಡದು. ಅದನ್ನು ಒದ್ದೆಯಾಗಲು ಬಿಡದೆ ಅಂದೇ ತೆಗೆಯುವುದು ಕ್ಷೇಮ.

ಬಿಳಿಚಿದ ಗೀರು ಮತ್ತು ಆಳವಾದ ಗಾಯ

ನೀರಿನ ಪರೀಕ್ಷೆಯಲ್ಲಿ ಮಾಯವಾಗಿ ಮರಳಿ ಬರುವ ಗೀರಿಗೆ, ಟ್ರಿಮ್ ರಿಸ್ಟೋರರ್ ಎಂಬ ಹೆಸರಿನ ಲೇಪನಗಳು ಉಂಟು. ನೀರು ಮಾಡಿದ ಕೆಲಸವನ್ನೇ ಅವು ಹೆಚ್ಚು ಕಾಲ ಮಾಡುತ್ತವೆ. ಗ್ರಾಹಕನಿಗೆ ಇದು ಲೇಪನವೆಂದೂ ಕಾಲಕ್ರಮದಲ್ಲಿ ಮತ್ತೆ ಹಚ್ಚಬೇಕಾಗುವುದೆಂದೂ ತಿಳಿಸುವುದು ನ್ಯಾಯ.

ಹೀಟ್ ಗನ್ ಬಳಕೆ ಎರಡನೆಯ ವಿಧಾನ. ಮಡಚಿ ಅಥವಾ ಒತ್ತಿ ಬಿಳಿಚಿದ ಪಾಲಿಪ್ರೊಪಿಲೀನ್ ಬೆಚ್ಚಗಾದಾಗ ತನ್ನ ಬಣ್ಣಕ್ಕೆ ಮರಳುವುದುಂಟು. ಆದರೆ ಈ ಪ್ಲಾಸ್ಟಿಕ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎಬಿಎಸ್ ಸುಮಾರು 100 ಡಿಗ್ರಿಯಲ್ಲಿಯೇ ಮೆತ್ತಗಾಗುತ್ತದೆ. ಹೀಟ್ ಗನ್ನಿನ ಬಾಯಿಯಲ್ಲಿ ಗಾಳಿ 300 ಡಿಗ್ರಿಗೂ ಹೆಚ್ಚು ಬಿಸಿಯಾಗಿರಬಲ್ಲದು. ಒಂದೆಡೆ ನಿಲ್ಲಿಸಿದರೆ ತೊಗಲಿನ ನಕ್ಷೆ ಕರಗಿ ಕನ್ನಡಿಯಂತೆ ಹೊಳೆಯುವ ಮಚ್ಚೆಯಾಗುತ್ತದೆ. ಗುಜರಿಯಿಂದ ತಂದ ಹಳೆಯ ಫಲಕಗಳ ಮೇಲೆ ಕೈ ಪಳಗಿಸದ ಕೆಲಸಗಾರನಿಗೆ ಗ್ರಾಹಕನ ಕಾರಿನ ಮೇಲೆ ಇದನ್ನು ಬಳಸಲು ಬಿಡಬಾರದು.

ಆಳವಾದ ಗಾಯವನ್ನು ತುಂಬಿ ಬಣ್ಣ ಹೊಡೆಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ಪಾಲಿಪ್ರೊಪಿಲೀನ್‌ಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. ಅದಕ್ಕೆಂದೇ ಇರುವ ಪ್ರೈಮರ್ ಹಚ್ಚದೆ ಹೊಡೆದ ಬಣ್ಣ ಕೆಲವೇ ವಾರಗಳಲ್ಲಿ ಸಿಪ್ಪೆಯೇಳುತ್ತದೆ. ಮೊದಲು ಹಚ್ಚಿದ್ದ ಸಿಲಿಕೋನ್ ಪಾಲಿಶ್‌ನ ಅಂಶ ಉಳಿದಿದ್ದರೆ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಹೊಸ್ತಿಲ ಪಟ್ಟಿಯಂಥ ಚಿಕ್ಕ ಭಾಗಕ್ಕೆ ಇಷ್ಟು ಶ್ರಮಪಡುವುದಕ್ಕಿಂತ ಹೊಸದನ್ನು ಹಾಕುವುದೇ ಗ್ರಾಹಕನಿಗೆ ಲಾಭ.

ಮುಟ್ಟಬಾರದ ಸ್ಥಳಗಳು

ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ ಫಲಕಗಳನ್ನು ಬಿಸಿ ಮಾಡುವುದು, ತುಂಬುವುದು, ಬಣ್ಣ ಹೊಡೆಯುವುದು ಸಲ್ಲದು. ಅಪಘಾತದ ಕ್ಷಣದಲ್ಲಿ ಆ ಮುಚ್ಚಳ ನಿಗದಿತ ಗೆರೆಯಲ್ಲಿಯೇ ಸೀಳಬೇಕು. ಭಾರತದಲ್ಲಿ 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2021ರಿಂದ ಮುಂದಿನ ಸೀಟಿನ ಪ್ರಯಾಣಿಕನಿಗೂ ಕಡ್ಡಾಯವಾಯಿತು. ಆದ್ದರಿಂದ ಈಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಎರಡೂ ಬದಿ ಎಚ್ಚರ ಅಗತ್ಯ. ಇಲ್ಲಿ ಒದ್ದೆ ಬಟ್ಟೆಯ ಒರೆತಕ್ಕಿಂತ ಹೆಚ್ಚಿನದನ್ನು ಮಾಡದಿರುವುದೇ ಲೇಸು. ಪೆಡಲ್ಲುಗಳಿಗೂ ಸ್ಟಿಯರಿಂಗಿಗೂ ಜಾರುವ ಯಾವ ಲೇಪನವನ್ನೂ ಹಚ್ಚಬಾರದು.

ಹೊಳಪಿನ ಆಕರ್ಷಣೆ

ಗುರುತು ಹೋಗದಿದ್ದಾಗ ಇಡೀ ಡ್ಯಾಶ್‌ಬೋರ್ಡಿಗೆ ಹೊಳೆಯುವ ಪಾಲಿಶ್ ಬಳಿದು ಕಾರನ್ನು ಒಪ್ಪಿಸುವ ಪದ್ಧತಿ ಎಲ್ಲೆಡೆ ಇದೆ. ಕೆಲವರು ಕೊಬ್ಬರಿ ಎಣ್ಣೆಯನ್ನೂ ಬಳಸುತ್ತಾರೆ. ಎಣ್ಣೆ ಧೂಳನ್ನು ಹಿಡಿದಿಡುತ್ತದೆ, ಕಾಲಕ್ರಮದಲ್ಲಿ ಕಮಟುತ್ತದೆ. ಹೊಳೆಯುವ ಪಾಲಿಶ್‌ನ ಅಪಾಯ ಇದಕ್ಕಿಂತ ದೊಡ್ಡದು. ಹೊಳಪಾದ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಬೆಟ್ಟದ ತಿರುವಿನಲ್ಲಿ ಇಳಿಯುವ ಚಾಲಕನಿಗೆ ಎದುರಿನಿಂದ ಬರುವ ವಾಹನವಾಗಲಿ, ರಸ್ತೆಬದಿ ನಡೆಯುವ ಭಕ್ತರಾಗಲಿ ಕ್ಷಣಕಾಲ ಕಾಣದಂತಾಗಬಹುದು. ಕಾರು ತಯಾರಕರು ಡ್ಯಾಶ್‌ಬೋರ್ಡನ್ನು ಮಂದಗೊಳಿಸಿರುವುದು ಈ ಕಾರಣಕ್ಕಾಗಿಯೇ. ಲೇಪನ ಬೇಕೆಂದಾದರೆ ನೀರು ಆಧಾರಿತ, ಹೊಳಪಿಲ್ಲದ ಲೇಪನವನ್ನು ತೆಳ್ಳಗೆ ಹಚ್ಚಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು.

ಅಂಗಡಿಯ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಮಾದರಿ ಲೆಕ್ಕವನ್ನು ತೆಗೆದುಕೊಳ್ಳಬಹುದು. ಮೊತ್ತಗಳು ಉದಾಹರಣೆಗೆ ಮಾತ್ರ. ತಮ್ಮ ಊರಿನ ದರಗಳನ್ನು ಹಾಕಿ ಪ್ರತಿಯೊಬ್ಬರೂ ಲೆಕ್ಕ ಮಾಡಿಕೊಳ್ಳತಕ್ಕದ್ದು. ಕೆಲಸಗಾರನ ದಿನಗೂಲಿ ರೂ. 800, ದಿನಕ್ಕೆ 8 ಗಂಟೆಯ ದುಡಿಮೆ ಎಂದಿಟ್ಟುಕೊಂಡರೆ ಗಂಟೆಗೆ ರೂ. 100. ನಾಲ್ಕು ಹೊಸ್ತಿಲ ಪಟ್ಟಿ ಹಾಗೂ ಬಾಗಿಲ ಫಲಕಗಳ ಗುರುತು ತೆಗೆಯಲು 45 ನಿಮಿಷ, ಅಂದರೆ ರೂ. 75. ಸಾಮಗ್ರಿಗೆ ರೂ. 25, ಬಾಡಿಗೆ ವಿದ್ಯುತ್ ಇತ್ಯಾದಿಗಳ ಪಾಲು ರೂ. 50. ಒಟ್ಟು ವೆಚ್ಚ ರೂ. 150. ಗ್ರಾಹಕನಿಂದ ರೂ. 250 ಪಡೆದರೆ ಉಳಿತಾಯ ರೂ. 100.

ಇದೇ ಅಂಗಡಿಯಲ್ಲಿ ಆತುರದ ಕೆಲಸಗಾರನೊಬ್ಬ ಥಿನ್ನರ್ ಬಳಸಿ ಗೇರಿನ ಸುತ್ತಲಿನ ಎಬಿಎಸ್ ಚೌಕಟ್ಟನ್ನು ಕೆಡಿಸಿದನೆನ್ನೋಣ. ಹೊಸ ಭಾಗದ ಬೆಲೆ ರೂ. 1,200 ಆಗಿದ್ದರೆ, 12 ಕಾರುಗಳ ಲಾಭ ಒಂದೇ ನಿಮಿಷದಲ್ಲಿ ಹೋದಂತಾಯಿತು. ಕಳೆದುಹೋದ ಗ್ರಾಹಕನ ವಿಶ್ವಾಸ ಈ ಲೆಕ್ಕದಲ್ಲಿ ಸೇರಿಲ್ಲ. ಪರೀಕ್ಷೆಗೆ ವ್ಯಯವಾಗುವ 3 ನಿಮಿಷಗಳ ಕೂಲಿ ರೂ. 5. ಈ ಕಸುಬಿನಲ್ಲಿ ಅತ್ಯಂತ ಲಾಭದಾಯಕವಾದ ಸಾಧನ ಆ ಮೂರು ನಿಮಿಷವೇ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಹಳೆಯ ಕಾರುಗಳ ಮಾರಾಟಗಾರರಿಗೂ ಇದೇ ಮಾತು ಸಲ್ಲುತ್ತದೆ. ಕೊಳ್ಳುವವನು ಬಾಗಿಲು ತೆರೆದು ಕೂರುವಾಗ ಮೊದಲು ಕಾಣುವುದು ಹೊಸ್ತಿಲ ಪಟ್ಟಿ. ಅದು ಸ್ವಚ್ಛವಾಗಿದ್ದರೆ ಕಾರನ್ನು ಜೋಪಾನ ಮಾಡಿದ್ದಾರೆಂಬ ಭಾವನೆ ಹುಟ್ಟುತ್ತದೆ. ಪಾಲಿಶ್ ಬಳಿದು ಮುಚ್ಚಿದ ಗೀರು ವಾರದೊಳಗೆ ಮತ್ತೆ ಕಂಡರೆ, ಎಂಜಿನ್ನಿನ ಬಗ್ಗೆ ಹೇಳಿದ ಮಾತಿನ ಮೇಲೂ ಸಂಶಯ ಬರುತ್ತದೆ.

ಸಣ್ಣ ಉದ್ದಿಮೆದಾರರಿಗೆ ಇರುವ ಅವಕಾಶ

ಗುರುತು ತೆಗೆಯುವುದಕ್ಕಿಂತ ಬೀಳದಂತೆ ತಡೆಯುವುದು ಸುಲಭ. ಅದರಲ್ಲಿಯೇ ತಯಾರಕರಿಗೆ ಮಾರುಕಟ್ಟೆಯೂ ಇದೆ. ಹೊಸ್ತಿಲ ಪಟ್ಟಿಯ ಅಳತೆಗೆ ಕತ್ತರಿಸಿದ ಪಾರದರ್ಶಕ ಅಂಟುಹಾಳೆ, ಡಿಕ್ಕಿಯ ಅಂಚನ್ನು ಮುಚ್ಚುವ ರಬ್ಬರ್ ಹಾಸು, ಎತ್ತರದ ಅಂಚುಳ್ಳ ತಟ್ಟೆ, ಮುಂದಿನ ಸೀಟುಗಳ ಬೆನ್ನಿಗೆ ಕಟ್ಟುವ ಹೊದಿಕೆ ಇವು ದೊಡ್ಡ ಬಂಡವಾಳ ಬೇಡುವ ವಸ್ತುಗಳಲ್ಲ. ಯಾತ್ರಾಸ್ಥಳಕ್ಕೆ ಓಡುವ ಟ್ಯಾಕ್ಸಿಗಳಿಗೆ, ತೆಂಗಿನಕಾಯಿ, ಹೂವು, ಕುಂಕುಮದ ಪೊಟ್ಟಣಗಳನ್ನು ಅಲುಗದಂತೆ ಇಡುವ ಮುಚ್ಚಳದ ಪೆಟ್ಟಿಗೆಯೊಂದು ಉಪಯುಕ್ತವಾದೀತು. ಇತ್ತೀಚಿನ ವರ್ಷಗಳಲ್ಲಿ ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ನಿರ್ಬಂಧಿಸಿ ಬಸ್ಸುಗಳ ವ್ಯವಸ್ಥೆ ಮಾಡಿರುವುದರಿಂದ, ಇಂಥ ವಸ್ತುಗಳ ದಾಸ್ತಾನು ಮಾಡುವವರು ಆ ದಿನಗಳಿಗಿಂತ ದಸರಾ, ಆಯುಧಪೂಜೆ ಮತ್ತು ರಜಾದಿನಗಳನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸ್ವಚ್ಛಕ ದ್ರಾವಣ ತಯಾರಿಸುವವರು ಕ್ಷಾರ ಕಡಿಮೆಯಿರುವ, ಹೊಳಪಿಲ್ಲದ, ನೀರು ಆಧಾರಿತ ಸರಕಿಗೆ ಆದ್ಯತೆ ಕೊಡಬೇಕು. ಮಾರುಕಟ್ಟೆಗೆ ಬಿಡುವ ಮೊದಲು ಪಾಲಿಪ್ರೊಪಿಲೀನ್, ಎಬಿಎಸ್, ಅಕ್ರಿಲಿಕ್ ತುಂಡುಗಳ ಮೇಲೆ ಹಚ್ಚಿ, ಬಿಸಿಲಿನಲ್ಲಿಟ್ಟು ಪರೀಕ್ಷಿಸಬೇಕು. ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಬೇಸಿಗೆಯಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಪ್ಲಾಸ್ಟಿಕ್ ಪರೀಕ್ಷೆಯ ವಿಷಯದಲ್ಲಿ ಮೈಸೂರಿನ ಸಿಪೆಟ್ ಕೇಂದ್ರವನ್ನು ವಿಚಾರಿಸಬಹುದು. ಸೀಸೆಯಲ್ಲಿ ಮಾರುವ ಸರಕಿಗೆ 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗಾಗಿ ಸಂಪರ್ಕ ವಿವರ ಇವು ಚೀಟಿಯ ಮೇಲೆ ಇರಲೇಬೇಕು. ಯಾವ ಮೇಲ್ಮೈಗೆ ಬಳಸಬಾರದು ಎಂಬುದನ್ನು ಕನ್ನಡದಲ್ಲಿ ಮುದ್ರಿಸಿದರೆ, ಸೀಸೆಯನ್ನು ನಿಜವಾಗಿ ಕೈಯಲ್ಲಿ ಹಿಡಿಯುವ ಕೆಲಸಗಾರನಿಗೆ ಅದು ತಲುಪುತ್ತದೆ.

ಅಂಗಡಿಯ ಗೋಡೆಗೆ ಐದು ಸೂತ್ರಗಳು

1. ಒರೆಸಿ ನೋಡು, ನೀರು ಹಾಕಿ ನೋಡು, ಉಗುರು ಎಳೆದು ನೋಡು. ಆಮೇಲೆ ದರ ಹೇಳು.
2. ಒಣ ಧೂಳನ್ನು ತೆಗೆಯದೆ ಒದ್ದೆ ಬಟ್ಟೆ ಮುಟ್ಟಿಸಬೇಡ.
3. ಅರಿಸಿನಕ್ಕೆ ಸೋಪು, ಸೋಡಾ ಬೇಡ.
4. ಥಿನ್ನರ್, ಪೆಟ್ರೋಲು, ಸೀಮೆಎಣ್ಣೆ ಕಾರಿನೊಳಗೆ ಬರಬಾರದು.
5. ಏರ್‌ಬ್ಯಾಗ್ ಫಲಕಕ್ಕೆ ಬಿಸಿಯೂ ಬೇಡ, ಬಣ್ಣವೂ ಬೇಡ.

ಗುರುತು ಚಿಕ್ಕದಾದರೂ ಅದನ್ನು ತೆಗೆಯುವ ರೀತಿಯಲ್ಲಿ ಅಂಗಡಿಯ ಹೆಸರು ಅಡಗಿದೆ. ಹೋಗುವುದನ್ನು ಹೋಗುತ್ತದೆಂದೂ ಹೋಗದಿರುವುದನ್ನು ಹೋಗದೆಂದೂ ಮೊದಲೇ ಹೇಳುವ ವರ್ತಕನ ಬಳಿಗೆ, ಮುಂದಿನ ಆಯುಧಪೂಜೆಯ ಮರುದಿನ ಅದೇ ಗ್ರಾಹಕ ಮರಳಿ ಬರುತ್ತಾನೆ.